ಆಯಿಲ್ ಬದಲಾಯಿಸಿದ ಮೇಲೂ ಉರಿಯುವ ದೀಪ

ಕ್ಯಾಲಿಫೋರ್ನಿಯಾದ ಡೇವಿಸ್‌ನಲ್ಲಿ ಓದುತ್ತಿರುವ ಮಗ ಕಳೆದ ತಿಂಗಳು ಫೋನ್ ಮಾಡಿದ. "ಅಮ್ಮಾ, ಮೊನ್ನೆ ತಾನೆ ಆಯಿಲ್ ಚೇಂಜ್ ಮಾಡಿಸಿದೆ. ಆದ್ರೂ ಕಾರಿನ ಮೀಟರ್ ಹತ್ರದ ದೀಪ ಆರ್ತಾನೇ ಇಲ್ಲ. ದುಡ್ಡು ತಗೊಂಡು ಸುಮ್ನೆ ಕಳಿಸಿಬಿಟ್ರಾ?"

ಅವನ ಹತ್ತಿರ ಇರುವುದು ನಮ್ಮ 2006ರ ಟೊಯೋಟಾ ಕೊರೊಲಾ. ನಾವಿರುವ ಫ್ರೀಮಾಂಟ್‌ನಲ್ಲೇ ತಯಾರಾದ ಕಾರು. ಆಗ ಟೊಯೋಟಾ ಮತ್ತು ಜನರಲ್ ಮೋಟರ್ಸ್ ಸೇರಿ ನಡೆಸುತ್ತಿದ್ದ ಆ ಫ್ಯಾಕ್ಟರಿಯಲ್ಲಿ ಈಗ ಟೆಸ್ಲಾ ಕಾರುಗಳು ತಯಾರಾಗುತ್ತವೆ. ಹದಿನೆಂಟು ವರ್ಷ ನಾನೇ ಓಡಿಸಿದ್ದೇನೆ. ಅದರ ದೀಪಗಳೆಲ್ಲ ನನಗೆ ಬಾಯಿಪಾಠ.

"ಯಾವ ದೀಪ, ಸರಿಯಾಗಿ ನೋಡಿ ಹೇಳು" ಅಂದೆ. ಆಯಿಲ್ ಕ್ಯಾನಿನ ಚಿತ್ರವಿರುವ ಕೆಂಪು ದೀಪವಾದರೆ ತಕ್ಷಣ ಪಕ್ಕಕ್ಕೆ ನಿಲ್ಲಿಸಿ ಎಂಜಿನ್ ಆಫ್ ಮಾಡಬೇಕು. ಅದು ಆಯಿಲ್ ಪ್ರೆಷರ್ ತೀರಾ ಕಡಿಮೆಯಾಗಿದೆ ಅನ್ನುವ ಸೂಚನೆ. ಇವನದು 'ಮೇಂಟೆನೆನ್ಸ್ ರಿಕ್ವೈರ್ಡ್' ಅನ್ನುವುದನ್ನು ಮೊಟಕು ಮಾಡಿ ಬರೆದ ದೀಪ. ಈ ಕಾರಿನಲ್ಲಿ ಅದು ಲೆಕ್ಕ ಇಡುವುದು ಮೈಲಿಗಳನ್ನು ಮಾತ್ರ. ಹಿಂದಿನ ಸಲ ರೀಸೆಟ್ ಮಾಡಿದಲ್ಲಿಂದ, ಅಂದರೆ ಆ ಲೆಕ್ಕವನ್ನು ಸೊನ್ನೆಗೆ ತಂದಲ್ಲಿಂದ, 4,500 ಮೈಲಿ ಆದಾಗ ಮಿನುಗುತ್ತದೆ, 5,000 ದಾಟಿದರೆ, ಅಂದರೆ ಸುಮಾರು 8,000 ಕಿಲೋಮೀಟರ್, ಉರಿಯುತ್ತಲೇ ಇರುತ್ತದೆ. ಆಯಿಲ್ ಹೊಸದೋ ಹಳೆಯದೋ ಅದಕ್ಕೆ ಗೊತ್ತಾಗುವುದಿಲ್ಲ.

ಅದಕ್ಕೇ ದೀಪ ಆರಿಸುವ ಮೊದಲು ಬಾನೆಟ್ ಎತ್ತಿಸಿದೆ. ಕಾರು ಸಮನಾದ ಜಾಗದಲ್ಲಿರಬೇಕು, ಎಂಜಿನ್ ಆಫ್ ಮಾಡಿ ಐದು ನಿಮಿಷ ಕಳೆದಿರಬೇಕು. ಆಯಿಲ್ ಮಟ್ಟ ನೋಡುವ ಕಡ್ಡಿ, ಅಂದರೆ ಡಿಪ್‌ಸ್ಟಿಕ್ ಎಳೆದು, ಟಿಶ್ಯೂನಲ್ಲಿ ಒರೆಸಿ, ಪೂರ್ತಿ ಒಳಗೆ ತೂರಿಸಿ, ಮತ್ತೆ ಎಳೆಯಬೇಕು. ಮೊದಲ ಸಲ ಎಳೆದಾಗ ಬರುವ ಗುರುತನ್ನು ನಂಬಬೇಡಿ, ಆಯಿಲ್ ಎಲ್ಲೆಲ್ಲೋ ಮೆತ್ತಿಕೊಂಡಿರುತ್ತದೆ. ಮಗ ಫೋಟೋ ಕಳಿಸಿದ. ಟಿಶ್ಯೂ ಮೇಲೆ ಜೇನುತುಪ್ಪದ ಬಣ್ಣ, ಮಟ್ಟ ಮೇಲಿನ ಗುರುತಿಗೆ ಸರಿಯಾಗಿತ್ತು. ಗ್ಯಾರೇಜಿನವರು ಆಯಿಲ್ ಹಾಕಿದ್ದರು, ರೀಸೆಟ್ ಮಾಡುವುದನ್ನು ಮರೆತಿದ್ದರು, ಅಷ್ಟೇ. ಕಪ್ಪಗೆ ಬಂದಿದ್ದರೆ ಬಿಲ್ ಹಿಡಿದು ವಾಪಸ್ ಹೋಗು ಅನ್ನುತ್ತಿದ್ದೆ.

ಇನ್ನು ರೀಸೆಟ್. ಕೀಲಿಯನ್ನು 'ಆನ್' ತನಕ ತಿರುಗಿಸಿ, ಸ್ಟಾರ್ಟ್ ಮಾಡಬೇಡಿ. ಮೀಟರ್ ಪಕ್ಕದಲ್ಲಿರುವ ಸಣ್ಣ ಗುಬುಟನ್ನು ಒತ್ತುತ್ತಾ ಹೋದರೆ ಓಡೋಮೀಟರ್ (ಕಾರು ಓಡಿದ ಒಟ್ಟು ಮೈಲಿ), ಟ್ರಿಪ್ ಎ, ಟ್ರಿಪ್ ಬಿ (ಒಂದೊಂದು ಪ್ರಯಾಣದ ಮೈಲಿ) ಒಂದಾದ ಮೇಲೊಂದು ಬರುತ್ತವೆ. ಓಡೋಮೀಟರ್ ಬಂದಾಗ ನಿಲ್ಲಿಸಿ, ಕೀಲಿ ಆಫ್ ಮಾಡಿ. ಈಗ ಗುಬುಟನ್ನು ಒತ್ತಿ ಹಿಡಿದುಕೊಂಡೇ ಮತ್ತೆ 'ಆನ್'ಗೆ ತಿರುಗಿಸಿ. ಬೆರಳು ತೆಗೆಯಬೇಡಿ. ಐದು ಸೆಕೆಂಡಾದರೂ ಬೇಕು. ಅಂಕಿಗಳು ಹೋಗಿ 000000 ಬರುತ್ತದೆ, ದೀಪ ಆರುತ್ತದೆ.

"ಅಮ್ಮಾ, ಓಡೋಮೀಟರ್ ಅಳಿಸಿಹೋಯ್ತು!" ಅಂತ ಕೂಗಿದ. ಇಲ್ಲ ಕಣೋ, ಬೆರಳು ಬಿಡು ಅಂದೆ. 1,63,000ದ ಚಿಲ್ಲರೆ ಮೈಲಿಗಳೆಲ್ಲ ವಾಪಸ್ ಬಂದವು. ಆ ಮೈಲಿಗಳಲ್ಲಿ ಅರ್ಧ ಅವನನ್ನು ಸ್ಕೂಲಿಗೆ ಬಿಟ್ಟು ಕರೆತಂದದ್ದೇ.

ದೀಪ ಆರದಿದ್ದರೆ ಬಹುತೇಕ ಟ್ರಿಪ್ ಎ ಅಥವಾ ಬಿ ಮೇಲೆ ಇದ್ದುಕೊಂಡು ಒತ್ತಿರುತ್ತೀರಿ. ಆಗ ಸೊನ್ನೆಯಾಗುವುದು ಟ್ರಿಪ್ ಮಾತ್ರ. ಮೊದಲಿಂದ ಮಾಡಿ. ಕೀಲಿ ತಿರುಗಿಸಿದ ಕೂಡಲೇ ಬಹುತೇಕ ದೀಪಗಳು ಹತ್ತುತ್ತವೆ, ಅದು ಬಲ್ಬ್ ಪರೀಕ್ಷೆ. ಎಂಜಿನ್ ಸ್ಟಾರ್ಟ್ ಮಾಡಿ ನೋಡಿದ ಮೇಲೆಯೇ ಆರಿತು ಅನ್ನಿ. ಬೇರೆ ಮಾಡೆಲ್‌ಗಳಲ್ಲಿ ಗುಂಡಿ, ಕ್ರಮ ಬದಲಾಗಬಹುದು. ಗ್ಲೋವ್ ಬಾಕ್ಸಿನಲ್ಲಿರುವ ಮ್ಯಾನ್ಯುಯಲ್ ತೆಗೆದು ನೋಡಿ.

ಆ ಮ್ಯಾನ್ಯುಯಲ್‌ನ ಹಿಂದಿನ ಪುಟದಲ್ಲಿ ನಾನು ಪ್ರತಿ ಆಯಿಲ್ ಚೇಂಜಿನ ತಾರೀಖು, ಮೈಲಿ ಬರೆದಿಟ್ಟಿದ್ದೇನೆ. ಅವತ್ತು ಅದರ ಕೆಳಗೆ ಮಗನ ಕೈಯಲ್ಲಿ ಬರೆಸಿದೆ.