ಪ್ರೋಗ್ರಾಂ ಒಳಗಿಂದ ಗಿಟ್ ಓಡಿಸುವಾಗ ದೋಷಗಳನ್ನು ಹಿಡಿಯುವುದು ಹೇಗೆ?

ಗಿಟ್ ಎಂದರೆ ಕೋಡಿನ ಬದಲಾವಣೆಗಳ ದಾಖಲೆ ಇಡುವ ಸಾಧನ. ಅದರ ಕಮಾಂಡನ್ನು ನಾವೇ ಟೈಪ್ ಮಾಡಿದಾಗ ದೋಷ ಕಣ್ಣೆದುರೇ ಕಾಣುತ್ತದೆ. ಪೈಥಾನ್ ಪ್ರೋಗ್ರಾಂ ಅದನ್ನು ಓಡಿಸಿದರೆ ನೋಡುವವರು ಯಾರೂ ಇಲ್ಲ. ಹೊಸ ಕೋಡನ್ನು ತರುವ ಪುಲ್ ವಿಫಲವಾದರೂ ಮುಂದಿನ ಸಾಲು ಹಳೆಯ ಕೋಡನ್ನೇ ಸರ್ವರ್‌ಗೆ ಏರಿಸಿಬಿಡಬಹುದು.

ಮೊದಲು, ಗಿಟ್ ಕರೆಯುವ ಕೆಲಸವನ್ನೆಲ್ಲ ಒಂದೇ ಫಂಕ್ಷನ್‌ಗೆ ಒಪ್ಪಿಸಿ. ಒಳಗೆ ಬೇರೆ ಪ್ರೋಗ್ರಾಂಗಳನ್ನು ಓಡಿಸುವ ಸಬ್‌ಪ್ರೊಸೆಸ್ ಮಾಡ್ಯೂಲಿನ ರನ್ ಇರಲಿ. ಕಮಾಂಡನ್ನು ಉದ್ದನೆಯ ಸ್ಟ್ರಿಂಗ್ ಆಗಿ ಕೊಡದೆ ಪದಗಳ ಲಿಸ್ಟ್ ಆಗಿ ಕೊಡಿ. ಆಗ ಫೈಲಿನ ಹೆಸರಿನಲ್ಲಿ ಸ್ಪೇಸ್ ಇದ್ದರೂ ಎಡವಟ್ಟಾಗುವುದಿಲ್ಲ. ಗಿಟ್ ಇನ್‌ಸ್ಟಾಲ್ ಆಗಿರದಿದ್ದರೆ ‘ಫೈಲ್ ನಾಟ್ ಫೌಂಡ್’ ಎಕ್ಸೆಪ್ಶನ್ (ಪೈಥಾನ್ ಎಸೆಯುವ ದೋಷದ ಸೂಚನೆ) ಬರುತ್ತದೆ, ಅದನ್ನು ಪ್ರತ್ಯೇಕವಾಗಿ ಹಿಡಿಯಿರಿ.

ಈಗ ಮುಖ್ಯ ವಿಷಯ: ಎಕ್ಸಿಟ್ ಕೋಡ್, ಅಂದರೆ ಕಮಾಂಡ್ ಮುಗಿದಾಗ ಹಿಂತಿರುಗಿಸುವ ಸಂಖ್ಯೆ. 0 ಎಂದರೆ ಯಶಸ್ಸು, 128 ಎಂದರೆ ಸಾಮಾನ್ಯವಾಗಿ ಗಿಟ್ ಮುಂದುವರಿಯಲಾಗದೆ ನಿಂತಿದೆ, 129 ಎಂದರೆ ಕಮಾಂಡ್ ಬರೆದ ರೀತಿಯೇ ತಪ್ಪು. ತೊಡಕಿರುವುದು 1ರಲ್ಲಿ. ಬದಲಾವಣೆಗಳನ್ನು ಹೋಲಿಸುವ ಡಿಫ್ ಅನ್ನು ‘ಕ್ವಯಟ್’ ಆಯ್ಕೆಯೊಂದಿಗೆ ಓಡಿಸಿದಾಗ 1 ಬಂದರೆ ‘ವ್ಯತ್ಯಾಸವಿದೆ’ ಎಂದರ್ಥ. ಪಠ್ಯ ಹುಡುಕುವ ಗ್ರೆಪ್‌ನಲ್ಲಿ ‘ಹುಡುಕಿದ್ದು ಸಿಗಲಿಲ್ಲ’ ಎಂದರ್ಥ. ಇವು ದೋಷಗಳಲ್ಲ, ಉತ್ತರಗಳು. ಆದರೆ ಎರಡು ಶಾಖೆಗಳ ಕೋಡನ್ನು ಬೆಸೆಯುವ ಮರ್ಜ್‌ನಲ್ಲಿ ಅದೇ 1 ಸಂಘರ್ಷದ ಸೂಚನೆಯಾಗಬಹುದು. ಆದ್ದರಿಂದ ಸೊನ್ನೆಯಲ್ಲದ ಪ್ರತಿ ಕೋಡಿಗೂ ಎಕ್ಸೆಪ್ಶನ್ ಎಸೆಯುವ ‘ಚೆಕ್’ ಆಯ್ಕೆಯನ್ನು ಎಲ್ಲ ಕಡೆ ಹಾಕಬೇಡಿ. ಯಾವ ಕಮಾಂಡಿಗೆ ಯಾವ ಕೋಡ್ ಸಹಜ ಎಂಬುದನ್ನು ಕರೆಯುವವರೇ ಆ ಫಂಕ್ಷನ್‌ಗೆ ತಿಳಿಸಲಿ.

ಸ್ಟ್ಯಾಂಡರ್ಡ್ ಎರರ್‌ನಲ್ಲಿ (ದೋಷ ಸಂದೇಶಗಳಿಗೆಂದು ಇರುವ ಪ್ರತ್ಯೇಕ ಔಟ್‌ಪುಟ್) ಏನಾದರೂ ಬಂದೊಡನೆ ದೋಷವೆಂದು ತೀರ್ಮಾನಿಸುವುದು ತುಂಬ ಜನ ಮಾಡುವ ತಪ್ಪು. ಕೋಡನ್ನು ತರುವ ಕ್ಲೋನ್, ಫೆಚ್ ಮತ್ತು ಕಳುಹಿಸುವ ಪುಶ್ ತಮ್ಮ ಪ್ರಗತಿಯ ವಿವರವನ್ನೂ ಅಲ್ಲಿಗೇ ಬರೆಯುತ್ತವೆ. ತೀರ್ಮಾನಕ್ಕೆ ಕೋಡನ್ನು ನಂಬಿ, ಕಾರಣ ತಿಳಿಯಲು ಆ ಪಠ್ಯವನ್ನು ಓದಿ. ಸಂದೇಶದ ಪದಗಳನ್ನು ಹುಡುಕಲೇಬೇಕಾದರೆ ಸಂದೇಶದ ಭಾಷೆಯನ್ನು ನಿರ್ಧರಿಸುವ ‘ಎಲ್‌ಸಿ_ಆಲ್’ ಪರಿಸರ ಚರಕ್ಕೆ (ಎನ್ವಿರಾನ್‌ಮೆಂಟ್ ವೇರಿಯಬಲ್) ‘ಸಿ’ ಎಂದು ಕೊಡಿ. ಇಲ್ಲವಾದರೆ ಕಂಪ್ಯೂಟರಿನ ಭಾಷೆಗೆ ತಕ್ಕಂತೆ ಸಂದೇಶವೂ ಬದಲಾಗುತ್ತದೆ.

ಪಾಸ್‌ವರ್ಡ್ ಕೇಳುತ್ತಾ ರಾತ್ರಿಯಿಡೀ ಕಾದು ಕುಳಿತ ಪ್ರೋಗ್ರಾಂ ಅನ್ನು ನಾನು ನೋಡಿದ್ದೇನೆ. ‘ಗಿಟ್_ಟರ್ಮಿನಲ್_ಪ್ರಾಂಪ್ಟ್’ ಚರಕ್ಕೆ 0 ಕೊಟ್ಟರೆ ಗಿಟ್ ಟರ್ಮಿನಲ್‌ನಲ್ಲಿ ಕೇಳದೆ ಸೋಲೊಪ್ಪಿಕೊಳ್ಳುತ್ತದೆ. ಜೊತೆಗೆ ಟೈಮ್‌ಔಟ್, ಅಂದರೆ ಕಾಯುವ ಸಮಯಕ್ಕೊಂದು ಮಿತಿ, ಇರಲಿ. ಆದರೆ ಟೈಮ್‌ಔಟ್ ಆದಾಗ ಪೈಥಾನ್ ಗಿಟ್ಟನ್ನು ಬಲವಂತವಾಗಿ ನಿಲ್ಲಿಸುವುದರಿಂದ ಎರಡು ಗಿಟ್ ಕಮಾಂಡ್‌ಗಳು ಒಟ್ಟಿಗೆ ಬದಲಾವಣೆ ಮಾಡದಂತೆ ತಡೆಯುವ ‘ಇಂಡೆಕ್ಸ್ ಲಾಕ್’ ಫೈಲ್ ಉಳಿದುಬಿಡಬಹುದು. ಬೇರೊಂದು ಗಿಟ್ ನಿಜವಾಗಿ ಕೆಲಸ ಮಾಡುತ್ತಿರುವಾಗಲೂ ಆ ಫೈಲ್ ಇರುತ್ತದೆ. ಹಾಗಾಗಿ ಸ್ವಲ್ಪ ಕಾದು ಮತ್ತೆ ಪ್ರಯತ್ನಿಸಲಿ. ಅದನ್ನು ಅಳಿಸುವ ನಿರ್ಧಾರವನ್ನು ಪ್ರೋಗ್ರಾಂಗೆ ಬಿಡಬೇಡಿ.

ವಿಫಲವಾದಾಗ ಕಮಾಂಡ್, ಫೋಲ್ಡರ್, ಕೋಡ್, ದೋಷದ ಪಠ್ಯ ನಾಲ್ಕನ್ನೂ ಲಾಗ್‌ಗೆ ಬರೆಯಿರಿ. ರಿಮೋಟ್ (ಕೋಡ್ ಇರುವ ದೂರದ ಸರ್ವರ್) ವಿಳಾಸದೊಳಗೆ ಪಾಸ್‌ವರ್ಡ್‌ನಂಥ ಟೋಕನ್ ಸೇರಿಕೊಂಡಿದ್ದರೆ ಬರೆಯುವ ಮುನ್ನ ಅದನ್ನು ಮರೆಮಾಚಿ.