ಪಂಚೆಯುಟ್ಟು ಪೇಟೆಗೆ: ಬಸ್ಸು, ಬೈಕು, ಎಸ್ಕಲೇಟರ್ ಎಲ್ಲಕ್ಕೂ ಜಗ್ಗದ ಹಾಗೆ

ಮದುವೆ ಮನೆಯಲ್ಲಿ ಎರಡು ಗಂಟೆ ಪಂಚೆ ಉಡುವುದಕ್ಕೆ ಯಾವ ಕಲಿಕೆಯೂ ಬೇಕಿಲ್ಲ. ಪಂಚೆ ಜಾರಿದರೆ ಹಿಡಿದುಕೊಳ್ಳಲು ಸುತ್ತ ನಮ್ಮವರೇ ಇರುತ್ತಾರೆ. ಬೆಳಿಗ್ಗೆ ಎಂಟಕ್ಕೆ ಉಟ್ಟದ್ದು ಬಸ್ಸು ಹತ್ತಿ, ಆಫೀಸಿನಲ್ಲಿ ಕೂತು, ಸಂಜೆ ತರಕಾರಿ ಚೀಲ ಹಿಡಿದು ಮನೆ ಸೇರುವವರೆಗೂ ನಿಲ್ಲಬೇಕು ಎಂದರೆ ಮಾತು ಬೇರೆ. ಹೊಸಬರು ಗಂಟು ಬಿಗಿಯಾದಷ್ಟೂ ಪಂಚೆ ಗಟ್ಟಿ ಎಂದುಕೊಳ್ಳುತ್ತಾರೆ. ಹಾಗಲ್ಲ. ಪಂಚೆ ನಿಲ್ಲುವುದು ಒಳಸುತ್ತಿನ ಮೇಲೆ ಮತ್ತು ನಡುವಿನ ಸುರುಳಿಯ ಮೇಲೆ. ಅವೆರಡು ಸರಿಯಿದ್ದರೆ ಗಂಟೇ ಬೇಡ.

ಯಾವುದನ್ನು ಕೊಳ್ಳಬೇಕು

ಅಂಗಡಿಯಲ್ಲಿ ಸಿಂಗಲ್, ಡಬಲ್ ಎಂದು ಎರಡು ಬಗೆ ಕೊಡುತ್ತಾರೆ. ಸಿಂಗಲ್ ಎಂದರೆ ನಾಲ್ಕು ಮೊಳ, 1.8ರಿಂದ 2 ಮೀಟರ್ ಉದ್ದ. ಡಬಲ್ ಎಂದರೆ ಎಂಟು ಮೊಳ, 3.6ರಿಂದ 4 ಮೀಟರ್. ಇದನ್ನು ನಡುವೆ ಮಡಚಿ ಎರಡು ಪದರ ಮಾಡಿ ಸಿಂಗಲ್‌ನಂತೆಯೇ ಉಡುತ್ತಾರೆ. ಅಗಲ ಎರಡಕ್ಕೂ ಸಾಮಾನ್ಯವಾಗಿ 1.2ರಿಂದ 1.27 ಮೀಟರ್. ಸೊಂಟ 40 ಇಂಚು ದಾಟಿದವರು 1.8 ಮೀಟರಿನದನ್ನು ಮುಟ್ಟಲೇಬೇಡಿ. ಸುತ್ತು ಸಾಲದೆ ನಡೆಯುವಾಗ ಮುಂದೆ ತೆರೆದುಕೊಳ್ಳುತ್ತದೆ. ಪೊಟ್ಟಣದ ಮೇಲಿನ ಉದ್ದ ಓದಿಯೇ ಕೊಳ್ಳಿ.

ಹೊರಗಿನ ಓಡಾಟಕ್ಕೆ ಡಬಲ್ ಒಳ್ಳೆಯದು. ಬಿಳಿ ಸಿಂಗಲ್ ಪಂಚೆ ಬಿಸಿಲಿಗೆ ಅಡ್ಡ ನಿಂತರೆ ಒಳಗಿನದೆಲ್ಲ ಹೊರಗೆ ತೋರುತ್ತದೆ. ಮನೆಯ ಬಾಗಿಲಲ್ಲಿ ಬೆಳಕಿಗೆ ಬೆನ್ನು ಮಾಡಿ ನಿಂತು ಒಳಗಿದ್ದವರನ್ನು ಒಮ್ಮೆ ಕೇಳಿ, ಗೊತ್ತಾಗುತ್ತದೆ. ಡಬಲ್‌ಗೆ ಆ ತೊಂದರೆ ಕಡಿಮೆ, ಗಾಳಿಗೂ ಬೇಗ ಹಾರುವುದಿಲ್ಲ. ಆದರೆ ಮಳೆಯಲ್ಲಿ ನೆನೆದರೆ ಭಾರವಾಗಿ ಕಾಲಿಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಮಲೆನಾಡು, ಕರಾವಳಿಯ ಮಳೆಗಾಲಕ್ಕೆ ಸಿಂಗಲ್ಲೇ ವಾಸಿ.

ಬಟ್ಟೆ ಹತ್ತಿಯದೇ ಇರಲಿ. ಪಾಲಿಯೆಸ್ಟರ್ ಬೆರೆತದ್ದು ಸುಕ್ಕಾಗುವುದಿಲ್ಲ, ಬೇಗ ಒಣಗುತ್ತದೆ, ನಿಜ. ಆದರೆ ಪದರದ ಮೇಲೆ ಪದರ ಜಾರುತ್ತದೆ. ಕಲಿಯುವವರಿಗಂತೂ ಅದು ಬೇಡವೇ ಬೇಡ. ವೆಲ್ಕ್ರೋ ಅಂಟಿಸಿದ, ಜೇಬಿರುವ ಪಂಚೆಗಳೂ ಈಗ ಸಿಗುತ್ತವೆ. ಮೊದಲ ವಾರದ ಧೈರ್ಯಕ್ಕೆ ಪರವಾಗಿಲ್ಲ. ಒಗೆದು ಒಗೆದು ವೆಲ್ಕ್ರೋದಲ್ಲಿ ನೂಲು, ಕೂದಲು ತುಂಬಿಕೊಂಡ ಮೇಲೆ ಹಿಡಿತ ಹೋಗುತ್ತದೆ, ಅದೂ ಸರಿಯಾಗಿ ಬಸ್ಸಿನ ಮೆಟ್ಟಿಲ ಮೇಲೆ.

ಇನ್ನು ಲುಂಗಿ. ಮಂಗಳೂರು, ಉಡುಪಿ, ತೀರ್ಥಹಳ್ಳಿ ಕಡೆ ಚೌಕುಳಿ ಲುಂಗಿಯಲ್ಲಿ ಪೇಟೆಗೆ ಹೋದರೆ ಯಾರೂ ತಿರುಗಿ ನೋಡುವುದಿಲ್ಲ. ಮೈಸೂರು, ಬೆಂಗಳೂರಿನಲ್ಲಿ ಅದು ಮನೆಯೊಳಗಿನ ಉಡುಗೆ; ಹಾಲಿನ ಅಂಗಡಿಯವರೆಗೆ ಸರಿ, ಬ್ಯಾಂಕಿಗೆ ಬಿಳಿ ಪಂಚೆಯೇ ಬೇಕು. ಇದರಲ್ಲಿ ತರ್ಕವೇನೂ ಇಲ್ಲ, ರೂಢಿ ಅಷ್ಟೆ. ಹೊಲಿದ ಲುಂಗಿ ಮುಂದೆ ತೆರೆದುಕೊಳ್ಳುವುದಿಲ್ಲ ಎನ್ನುವುದು ಅನುಕೂಲ. ದೊಡ್ಡ ಹೆಜ್ಜೆ ಹಾಕಲು, ಬೈಕಿನ ಮೇಲೆ ಕಾಲು ಹಾಕಲು ಬಿಡುವುದಿಲ್ಲ ಎನ್ನುವುದು ಅನಾನುಕೂಲ.

ಒಳಗೆ ಏನು

ಪಟಾಪಟಿ ಚಡ್ಡಿಯನ್ನು ನಗೆಚಾಟಿಕೆ ಮಾಡುವವರು ಪಂಚೆ ಉಟ್ಟವರಲ್ಲ. ತೊಡೆಯ ಅರ್ಧದವರೆಗೆ ಬರುವ, ಗುಂಡಿ ಹಾಕುವ ಜೇಬಿರುವ ಹತ್ತಿ ಚಡ್ಡಿ ಇಲ್ಲಿ ಅರ್ಧ ಕೆಲಸ ಮಾಡುತ್ತದೆ. ಗಾಳಿ ಬೀಸಿದರೂ, ಅಂಚು ಎಲ್ಲೋ ಸಿಕ್ಕಿಕೊಂಡರೂ ಮಾನ ಉಳಿಯುತ್ತದೆ, ಪರ್ಸ್ ಇಡಲೂ ಜಾಗವಾಗುತ್ತದೆ. ಅದನ್ನು ಹಾಕಿಕೊಂಡವರ ನಡಿಗೆಯೇ ಬೇರೆ. ಪಂಚೆಯ ಮೇಲೆ ಕೈ ಹೋಗುವುದಿಲ್ಲ. ಬಿಳಿ ಪಂಚೆಯ ಒಳಗೆ ಗಾಢ ಪಟ್ಟೆ ಎದ್ದು ಕಾಣುತ್ತದೆ, ಅಚ್ಚ ಬಿಳಿಯೂ ಕಾಣುತ್ತದೆ. ತಿಳಿ ಬೂದು ಅಥವಾ ಮೈಬಣ್ಣಕ್ಕೆ ಹತ್ತಿರದ ಬಣ್ಣ ಕಡಿಮೆ ಕಾಣುತ್ತದೆ. ಬಿಸಿಲುಗಾಲದಲ್ಲಿ ತೊಡೆ ಉಜ್ಜಿ ಗಾಯವಾಗುವುದಕ್ಕೂ ಇದೇ ಮದ್ದು.

ಉಡುವ ಕ್ರಮ

ಹೊಸ ಪಂಚೆಯನ್ನು ಒಗೆಯದೆ ಉಡಬೇಡಿ. ಗಿರಣಿಯ ಗಂಜಿ ಇರುವವರೆಗೂ ಅದು ಹಾಳೆಯಂತೆ ನಿಲ್ಲುತ್ತದೆ, ಸುರುಳಿ ಕೂರುವುದಿಲ್ಲ. ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಸಿ, ಒಗೆದು ಒಣಗಿಸಿ.

1. ಪಾದಗಳ ನಡುವೆ ಒಂದು ಗೇಣಿನಷ್ಟು ಜಾಗ ಬಿಟ್ಟು ನಿಲ್ಲಿ. ಕಾಲು ಜೋಡಿಸಿ ನಿಂತು ಉಟ್ಟರೆ ಆಮೇಲೆ ಹೆಜ್ಜೆ ಬಿಚ್ಚುವುದಿಲ್ಲ.

2. ಪಂಚೆಯನ್ನು ಬೆನ್ನ ಹಿಂದಿನಿಂದ ತಂದು, ಮೇಲಂಚಿನ ಎರಡು ಮೂಲೆಗಳನ್ನು ಎರಡು ಕೈಯಲ್ಲಿ ಹಿಡಿಯಿರಿ. ಕೆಳ ಅಂಚು ಪಾದದ ಗೆಣ್ಣಿನ ಸ್ವಲ್ಪ ಕೆಳಗೆ, ನೆಲದಿಂದ ಎರಡು ಬೆರಳು ಮೇಲೆ ಇರಲಿ. ಅಷ್ಟು ಅಳತೆಗೆ ಮೇಲಂಚು ಹೊಕ್ಕುಳ ದಾಟಿ ಮೇಲೆ ಬರುತ್ತದೆ. 170 ಸೆಂ.ಮೀ. ಎತ್ತರದವರಿಗೆ ಸುಮಾರು 25ರಿಂದ 30 ಸೆಂ.ಮೀ. ಬಟ್ಟೆ ಹೆಚ್ಚು ಉಳಿಯುತ್ತದೆ. ಗಾಬರಿ ಬೇಡ, ಸುರುಳಿಗೆ ಬೇಕಾದ ಬಟ್ಟೆ ಅದೇ.

3. ಬಲಗೈಯ ತುದಿಯನ್ನು ಹೊಟ್ಟೆಯ ಮೇಲೆ ಹಾಯಿಸಿ ಎಡ ಸೊಂಟದ ಹಿಂದಕ್ಕೆ ಎಳೆದು ಒತ್ತಿ ಹಿಡಿಯಿರಿ. ಬಿಗಿ ಬೇಕಾದದ್ದು ಈ ಸುತ್ತಿಗೆ. ಇದು ಸಡಿಲವಾದರೆ ಮೇಲಿನದನ್ನು ಎಷ್ಟು ಬಿಗಿದರೂ ಅರ್ಧ ಗಂಟೆಯಲ್ಲಿ ಪಂಚೆ ಒಂದು ಕಡೆ ಇಳಿಯುತ್ತದೆ.

4. ಎಡಗೈಯ ತುದಿಯನ್ನು ಅದರ ಮೇಲೆ ತಂದು ಬಲ ಸೊಂಟಕ್ಕೆ ಒಯ್ಯಿರಿ. ಅಂಚು ಬಲಗಡೆ ನೇರವಾಗಿ ಕೆಳಗೆ ಬೀಳಬೇಕು. ಸಣ್ಣ ನಡುವಿನವರಿಗೆ ಬಟ್ಟೆ ಇನ್ನೂ ಹಿಂದಕ್ಕೆ ಹೋಗುತ್ತದೆ. ಅಂಥವರು ಒಳಗಿನ ತುದಿಯನ್ನೇ ಮೊದಲು ಒಂದು ಗೇಣು ಒಳಮಡಚಿಕೊಂಡರೆ ಅಂಚು ಸರಿಯಾದ ಜಾಗಕ್ಕೆ ಬರುತ್ತದೆ. (ಅಂಚು ಎಡಕ್ಕೆ ಬರುವಂತೆ ಉಡುವವರೂ ಇದ್ದಾರೆ. ಮನೆಯ ರೂಢಿ ಹೇಗೋ ಹಾಗೆ.)

5. ಉಸಿರು ಸಾಮಾನ್ಯವಾಗಿ ಬಿಟ್ಟು, ಹೊಟ್ಟೆ ಒಳಗೆಳೆಯದೆ, ಮೇಲೆ ಉಳಿದ ಬಟ್ಟೆಯನ್ನು ಹೊರಮುಖವಾಗಿ ಮೂರು ನಾಲ್ಕು ಮಡಿಕೆ ಸುರುಳಿ ಸುತ್ತಿ. ಬೆನ್ನ ಹಿಂದೆಯೂ ಅಷ್ಟೇ ಮಡಿಕೆ ಬರಬೇಕು. ಹೊಸಬರು ಮುಂದೆ ನಾಲ್ಕು, ಹಿಂದೆ ಒಂದು ಸುತ್ತಿ ಬಿಡುತ್ತಾರೆ, ಆಗ ಹಿಂಭಾಗ ನೆಲ ಗುಡಿಸುತ್ತದೆ. ಸುರುಳಿ ಕೊನೆಗೆ ಸೊಂಟದ ಎಲುಬಿನ ಮೇಲೆ ಕೂರಬೇಕು, ಹೊಟ್ಟೆಯ ಮೇಲಲ್ಲ. ಹೊಟ್ಟೆಯ ಮೇಲೆ ಕೂತದ್ದು ಊಟವಾದ ಮೇಲೆ ಜಾರುತ್ತದೆ.

ಉಟ್ಟ ಮೇಲೆ ಪರೀಕ್ಷೆ ಮಾಡಿ: ಒಮ್ಮೆ ಕುಕ್ಕರುಗಾಲಲ್ಲಿ ಕೂತು ಏಳಿ, ಎರಡು ಮೆಟ್ಟಿಲು ಹತ್ತಿ, ಎರಡು ಕೈಯನ್ನೂ ತಲೆಯ ಮೇಲೆ ಎತ್ತಿ. ಸುರುಳಿ ಕದಲದಿದ್ದರೆ ಹೊರಡಬಹುದು.

ಬೆಲ್ಟ್ ಹಾಕುವುದಾದರೆ ಎರಡು ಇಂಚಿಗಿಂತ ಅಗಲದ್ದು ಹಾಕಿ, ಸುರುಳಿಯ ಮೇಲಲ್ಲ, ಅದರ ಕೆಳಗೆ. ವಿಮಾನ ನಿಲ್ದಾಣದ ತಪಾಸಣೆಯಲ್ಲಿ ಬೆಲ್ಟ್ ಬಿಚ್ಚಿಸುತ್ತಾರೆ ಎಂಬುದನ್ನು ನೆನಪಿಟ್ಟು, ಅದಿಲ್ಲದೆಯೂ ನಿಲ್ಲುವಂತೆ ಉಡಿ.

ಮುಂದೆ ತೆರೆದುಕೊಳ್ಳುವ ಭಯಕ್ಕೆ ಕೆಲವರು ಒಳ ಹೊರ ಪದರ ಸೇರಿಸಿ ಮೊಣಕಾಲಿನ ಹತ್ತಿರ ಪಿನ್ನು ಚುಚ್ಚುತ್ತಾರೆ. ದೊಡ್ಡ ಹೆಜ್ಜೆ ಹಾಕಿದೊಡನೆ ಬಟ್ಟೆ ಹರಿಯುತ್ತದೆ. ಸ್ಕಾಟ್ಲೆಂಡಿನ ಗಂಡಸರು ತಮ್ಮ ನೆರಿಗೆ ಲಂಗವಾದ ಕಿಲ್ಟ್‌ನ ಮುಂದೆ ಪಿನ್ನು ಹಾಕುವುದನ್ನು ನೋಡಿ ಈ ಉಪಾಯ ಹೊಳೆದಿದ್ದರೆ, ಅವರು ಅದನ್ನು ಹೊರಗಿನ ಪದರಕ್ಕೆ ಮಾತ್ರ ಹಾಕುತ್ತಾರೆ ಎಂಬುದು ತಿಳಿದಿರಲಿ. ಅದು ಎರಡು ಪದರ ಜೋಡಿಸಲು ಅಲ್ಲ. ಅಲ್ಲದೆ ಅವರದು ಎಂಟು ಗಜದ ಉಣ್ಣೆ, ಎರಡು ಕೆಜಿಯ ಆಸುಪಾಸು ತೂಗುತ್ತದೆ, ಗಾಳಿಗೆ ಅಷ್ಟು ಸುಲಭವಾಗಿ ಏಳುವುದಿಲ್ಲ. ಕಾಲು ಕೆಜಿಯ ಹತ್ತಿಗೆ ಆ ಲೆಕ್ಕ ಹೊಂದುವುದಿಲ್ಲ.

ಎತ್ತಿ ಕಟ್ಟುವುದು, ಇಳಿಸುವುದು

ಎರಡು ಕೈಯಿಂದ ಕೆಳ ಅಂಚಿನ ಮೂಲೆಗಳನ್ನು ಹಿಡಿದು, ಮೊಣಕಾಲಿನ ಮಟ್ಟಕ್ಕೆ ಮಡಿಕೆ ಬರುವಂತೆ ಎತ್ತಿ, ಸುರುಳಿಯ ಮೇಲೆ ಒಮ್ಮೆ ಹಾಯಿಸಿ ಸಿಕ್ಕಿಸುವುದು. ಕೆಸರು, ಮೆಟ್ಟಿಲು, ಭಾರ ಹೊರುವುದು, ವೇಗದ ನಡಿಗೆ ಇವಕ್ಕೆಲ್ಲ ಇದೇ. ಒಂದು ಮರ್ಯಾದೆ ಮಾತ್ರ ಇದೆ: ಹಿರಿಯರು ಎದುರಾದಾಗ, ದೇವಸ್ಥಾನದ ಬಾಗಿಲಲ್ಲಿ, ಕಚೇರಿಯ ಒಳಗೆ ಕಾಲಿಡುವಾಗ ಇಳಿಸಬೇಕು. ಎತ್ತಿ ಕಟ್ಟಿಕೊಂಡೇ ದೊಡ್ಡವರ ಜೊತೆ ಮಾತಾಡಿದರೆ ಜಗಳಕ್ಕೆ ಬಂದವನಂತೆ ಕಾಣುತ್ತದೆ. ಇಳಿಸಲು ಬಗ್ಗಬೇಕಿಲ್ಲ, ಹೆಬ್ಬೆರಳಿಂದ ಸಿಕ್ಕನ್ನು ಬಿಡಿಸಿದರೆ ತಾನೇ ಇಳಿಯುತ್ತದೆ.

ಓಡಾಟ

ಬಸ್ಸು ಹತ್ತುವಾಗ ಬಲಗೈ ಕಂಬಿಗೆ, ಎಡಗೈ ಪಂಚೆಯ ಮುಂಭಾಗಕ್ಕೆ. ಒಂದು ಗೇಣು ಎತ್ತಿ ಹಿಡಿದರೆ ಸಾಕು. ಬೀಳುವವರೆಲ್ಲ ಹತ್ತುವಾಗಲೇ, ತಮ್ಮ ಅಂಚನ್ನು ತಾವೇ ತುಳಿದು. ರಶ್ಶಿನಲ್ಲಿ ಹಿಂದಿನವರು ತುಳಿಯುತ್ತಾರೆ; ಆಗ ಎತ್ತಿ ಕಟ್ಟುವುದೇ ಕ್ಷೇಮ.

ಎಸ್ಕಲೇಟರ್ ಅಪಾಯದ್ದು. ಮೆಟ್ಟಿಲು ನೆಲದೊಳಗೆ ಸೇರುವ ಕಡೆಯ ಹಲ್ಲುಗಳಲ್ಲಿ, ಪಕ್ಕದ ಸಂದಿಯಲ್ಲಿ ತೆಳು ಬಟ್ಟೆ ಸಿಕ್ಕಿಕೊಳ್ಳುತ್ತದೆ. ನಮ್ಮ ಮೆಟ್ರೋ ನಿಲ್ದಾಣಗಳಲ್ಲಿ ಲಿಫ್ಟ್ ಇದೆ. ಎಸ್ಕಲೇಟರೇ ಆಗಬೇಕೆಂದರೆ ಹತ್ತುವ ಮೊದಲೇ ಎತ್ತಿ ಕಟ್ಟಿ, ಪಕ್ಕದ ಗೋಡೆಗೆ ತಾಗದಂತೆ ನಡುವೆ ನಿಲ್ಲಿ.

ದ್ವಿಚಕ್ರದಲ್ಲಿ ಸ್ಕೂಟರ್ ಸುಲಭ: ಎತ್ತಿ ಕಟ್ಟಿ, ಕೂತ ಮೇಲೆ ಎರಡು ಬದಿಯ ಬಟ್ಟೆಯನ್ನು ತೊಡೆಯ ಕೆಳಗೆ ಸೇರಿಸಿ. ಬೈಕಿನಲ್ಲಿ ಹಾಗಲ್ಲ. ಮೊಣಕಾಲಿನ ಮೇಲಕ್ಕೆ ಕಟ್ಟಿದರೆ ಸೈಲೆನ್ಸರ್ ಮೀನಖಂಡ ಸುಡುತ್ತದೆ. ನಮ್ಮಲ್ಲಿನ ಬಹುತೇಕ ಬೈಕುಗಳಲ್ಲಿ ಅದು ಬಲಗಡೆ ಇರುವುದರಿಂದ ಎಡಗಡೆಯಿಂದಲೇ ಇಳಿಯಿರಿ. ಕೆಳಗೆ ಬಿಟ್ಟರೆ ಹಿಂದಿನ ಚಕ್ರಕ್ಕೆ ಬಟ್ಟೆ ಸಿಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 123ನೇ ನಿಯಮ ಹಿಂದಿನ ಚಕ್ರದ ಅರ್ಧಕ್ಕೆ ಕಡಿಮೆಯಿಲ್ಲದಂತೆ ಮುಚ್ಚುವ ಸಾಧನ ಇರಬೇಕೆನ್ನುತ್ತದೆ, ಅದೇ ಎಲ್ಲರೂ ಕರೆಯುವ ಸೀರೆ ಗಾರ್ಡ್. ಅಂದಕ್ಕೆಂದು ಅದನ್ನು ಬಿಚ್ಚಿಸಿದ ಬೈಕಿನ ಹಿಂದೆ ಪಂಚೆ ಉಟ್ಟು ಕೂರಬೇಡಿ. ದಿನವೂ ಬೈಕೇ ಎಂದರೆ ಕಚ್ಚೆ ಕಲಿಯುವುದು ಒಳ್ಳೆಯದು, ಎಂಟು ಮೊಳ ಬಿಡಿಸಿಕೊಂಡು ಉಟ್ಟರೆ ಎರಡು ಕಾಲಿಗೂ ಬೇರೆ ಬೇರೆ ಬಿಡುವು ಸಿಗುತ್ತದೆ.

ಕಾಲಿಗೆ ಹಿಂಪಟ್ಟಿ ಇರುವ ಚಪ್ಪಲಿ ಹಾಕಿ. ಹವಾಯಿ ಚಪ್ಪಲಿ ಪ್ರತಿ ಹೆಜ್ಜೆಗೂ ಹಿಮ್ಮಡಿಯಿಂದ ಕೆಸರು ಚಿಮ್ಮಿಸಿ ಪಂಚೆಯ ಹಿಂಭಾಗವನ್ನು ಮೊಣಕಾಲಿನವರೆಗೂ ಚುಕ್ಕಿ ಮಾಡುತ್ತದೆ. ಉಟ್ಟವರಿಗೆ ಅದು ಕಾಣುವುದೇ ಇಲ್ಲ.

ಕುರ್ಚಿಯಲ್ಲಿ ಕೂರುವಾಗ ಮುಂದಿನ ಬಟ್ಟೆಯನ್ನು ಎರಡು ಮೊಣಕಾಲಿನ ನಡುವೆ ಸೇರಿಸಿ ಕೂರಿ. ಕಾಲ ಮೇಲೆ ಕಾಲು ಹಾಕಿದರೆ ಅಂಚು ಜಾರಿ ತೊಡೆ ಕಾಣುತ್ತದೆ. ಶೌಚಾಲಯಕ್ಕೆ ಹೋಗುವ ಮೊದಲೇ, ಒದ್ದೆ ನೆಲದ ಹೊರಗೆ, ಎರಡು ಸಲ ಮಡಚಿ ಎತ್ತಿ ಕಟ್ಟಿ. ಒಳಗೆ ಸುರುಳಿ ಬಿಚ್ಚದೆ ಕೆಳಗಿನಿಂದಲೇ ಎತ್ತಿಕೊಳ್ಳಿ. ಅಂಗಿ ಸುರುಳಿಯನ್ನು ಮುಚ್ಚಿ ನಾಲ್ಕು ಬೆರಳು ಕೆಳಗೆ ಬಂದರೆ ಸಾಕು. ಫೋನನ್ನು ಸುರುಳಿಯಲ್ಲಿ ಸಿಕ್ಕಿಸುವ ಚಾಳಿ ಬಿಡಿ: ಭಾರಕ್ಕೆ ಸುರುಳಿಯೂ ಬಿಚ್ಚುತ್ತದೆ, ಫೋನೂ ಹೋಗುತ್ತದೆ.

ಚಳಿಯ ದೇಶಕ್ಕೆ ಹೋದವರು ಒಳಗೆ ಬಿಗಿಯಾದ ಥರ್ಮಲ್ ಪ್ಯಾಂಟ್ ಹಾಕಿ ಡಬಲ್ ಉಡಬಹುದು. ಹಿಮದಲ್ಲಿ ಅಂಚು ನೆನೆಯುತ್ತದೆ, ಗೆಣ್ಣಿಗಿಂತ ಒಂದು ಗೇಣು ಮೇಲಕ್ಕೆ ಉಡಿ.

ಬಾಗಿಲಲ್ಲಿ ತಡೆದರೆ

ತಡೆಯುವವರು ಇದ್ದಾರೆ. 2014ರ ಜುಲೈನಲ್ಲಿ ಚೆನ್ನೈನ ಕ್ಲಬ್ಬೊಂದರಲ್ಲಿ ವೇಷ್ಟಿ ಉಟ್ಟ ಹೈಕೋರ್ಟ್ ನ್ಯಾಯಮೂರ್ತಿಯನ್ನೇ ಒಳಗೆ ಬಿಡಲಿಲ್ಲ. ಅದೇ ವರ್ಷ ತಮಿಳುನಾಡು ಅಂಥ ತಡೆಯನ್ನು ನಿಷೇಧಿಸುವ ಕಾಯ್ದೆ ತಂದಿತು. 2024ರ ಜುಲೈನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಮಾಲ್‌ನಲ್ಲಿ, ಮಗನೊಂದಿಗೆ ಸಿನಿಮಾಕ್ಕೆ ಬಂದ ಹಾವೇರಿ ಕಡೆಯ ರೈತರನ್ನು ಪಂಚೆಯ ಕಾರಣಕ್ಕೆ ತಡೆದರು. ವಿಷಯ ವಿಧಾನಸಭೆಗೆ ಹೋಗಿ, ಮಾಲನ್ನು 7 ದಿನ ಮುಚ್ಚಿಸುವುದಾಗಿ ಸರ್ಕಾರ ಹೇಳಿತು. ಕಾವಲಿನವರ ಜೊತೆ ಕೂಗಾಡಿ ಫಲವಿಲ್ಲ, ಹೇಳಿಕೊಟ್ಟದ್ದನ್ನು ಅವರು ಹೇಳುತ್ತಾರೆ. ಪಂಚೆ ಇಳಿಸಿಕೊಂಡು, ಮ್ಯಾನೇಜರನ್ನು ಕರೆಸಿ, ಯಾವ ನಿಯಮ ಎಂದು ಬರಹದಲ್ಲಿ ಕೇಳಿ. ಬರೆದುಕೊಡಿ ಎಂದೊಡನೆ ಬಹಳಷ್ಟು ನಿಯಮಗಳು ಇಲ್ಲವಾಗುತ್ತವೆ. ಮಾಲ್ ಘಟನೆಯ ಸುದ್ದಿಯೊಂದನ್ನು ಫೋನಿನಲ್ಲಿ ಉಳಿಸಿಕೊಂಡಿದ್ದರೂ ಕೆಲಸಕ್ಕೆ ಬರುತ್ತದೆ.

ಒಗೆತ

ಎರಡು ಪಂಚೆಗೆ ಒಂದು ಬಟ್ಟಲು ಗಟ್ಟಿ ಅನ್ನದ ಗಂಜಿಯನ್ನು ಸೋಸಿ, ಅರ್ಧ ಬಕೆಟ್ ನೀರಿಗೆ ಬೆರೆಸಿದರೆ ಹದ. ಹೆಚ್ಚಾದರೆ ನಡೆಯುವಾಗ ಸರಬರ ಸದ್ದು, ಮಡಿಕೆಯಲ್ಲಿ ಬೇಗ ಹರಿಯುವುದು. ಸುರುಳಿ ಬರುವ ಮೇಲಂಚಿಗೆ ಗಂಜಿ ತಾಗಿಸದೆ ಕೆಳಗಿನ ಮುಕ್ಕಾಲು ಭಾಗ ಮಾತ್ರ ಅದ್ದುವುದು ಜಾಣತನ. ನೀಲಿಯನ್ನು ಮೊದಲು ನೀರಿಗೆ ಹಾಕಿ ಚೆನ್ನಾಗಿ ಕಲಸಿ, ಆಮೇಲೆ ಬಟ್ಟೆ ಅದ್ದಿ. ಬಟ್ಟೆಯ ಮೇಲೆ ನೇರ ಬಿದ್ದರೆ ಮಚ್ಚೆ. ಸ್ವಲ್ಪ ಹಸಿ ಇರುವಾಗಲೇ ಮಡಚಿ ಇಸ್ತ್ರಿ ಮಾಡಿ, ಜರಿಯಂಚನ್ನು ತಿರುವಿ ಹಾಕಿ ಹಿಂಬದಿಯಿಂದ. ಜರಿಗೆ ಬ್ಲೀಚ್ ತಾಗಿದರೆ ಕಪ್ಪಾಗುತ್ತದೆ.

ಸಾರಿನ ಅರಿಸಿನ ಬಿದ್ದ ಜಾಗ ಸೋಪು ಹಾಕಿದೊಡನೆ ಕೆಂಪಾದರೆ ಹೆದರಬೇಡಿ, ಕ್ಷಾರಕ್ಕೆ ಅರಿಸಿನ ಹಾಗೆ ತಿರುಗುತ್ತದೆ. ತೊಳೆದು ಬಿರುಬಿಸಿಲಿನಲ್ಲಿ ಎರಡು ಮೂರು ದಿನ ಹರವಿದರೆ ತಾನೇ ಮಾಸುತ್ತದೆ. ಬಾಳೆಯ ಕರೆಗೆ ಮಾತ್ರ ಮದ್ದಿಲ್ಲ. ಅದು ತಾಗಿದ ಪಂಚೆಯನ್ನು ತೋಟದ ಕೆಲಸಕ್ಕೆ ತೆಗೆದಿಟ್ಟು, ಪೇಟೆಗೆ ಬೇರೆ ಕೊಳ್ಳಿ.