ಕ್ಯಾಥ್ ಆದ್ಮೇಲೆ ಮಗುವಿನ ಎರಡೂ ಪಾದ ಮುಟ್ಟಿ ನೋಡಿ

ಮಗೂಗೆ ಹಾರ್ಟ್ ಕ್ಯಾಥ್, ಅಂದ್ರೆ ರಕ್ತನಾಳದೊಳಗಿಂದ ಹಾರ್ಟ್‌ವರೆಗೆ ತೆಳು ಟ್ಯೂಬ್ ಕಳಿಸೋದು, ಮಾಡ್ತಾರೆ ಅಂದಾಗ ಮನೆಯವರ ಗಮನವೆಲ್ಲ ಎದೆ ಮೇಲೇ ಇರುತ್ತೆ. ಆದ್ರೆ ಕ್ಯಾಥ್ ಲ್ಯಾಬಿಂದ ಬಂದ ಮೊದಲ ಗಂಟೆಗಳಲ್ಲಿ ಕಾಲನ್ನೂ ಅಷ್ಟೇ ನೋಡ್ಬೇಕು. ಟ್ಯೂಬ್ ಹೆಚ್ಚಾಗಿ ಹೋಗೋದು ತೊಡೆಸಂದಿನ ರಕ್ತನಾಳದಿಂದ, ಮೂರು ಕೆಜಿ ಮಗೂಲಿ ಅದು ಎರಡು ಮೂರು ಮಿಲಿಮೀಟರ್ ಅಗಲ ಅಷ್ಟೇ, ಟ್ಯೂಬ್ ತೂರಿಸೋಕೆ ಹಾಕೋ ಕೊಳವೆ (ಶೀತ್) ಒಳಗೆ ಕೂತ್ರೆ ರಕ್ತ ಹರಿಯೋಕೆ ಜಾಗಾನೇ ಉಳಿಯಲ್ಲ, ನಾಳ ಬಿಗಿದ್ಕೊಳ್ಳುತ್ತೆ, ಒಳಪದರ ಗಾಯ ಆಗುತ್ತೆ, ಅಲ್ಲೇ ಹೆಪ್ಪುಗಟ್ಟುತ್ತೆ. ತೂಕ ಕಮ್ಮಿ ಇದ್ದಷ್ಟೂ, ಕ್ಯಾಥ್ ಹೊತ್ತು ಹಿಡಿದಷ್ಟೂ ರಿಸ್ಕ್ ಜಾಸ್ತಿ.

ಕೆಲಸ ಶುರುವಾಗೋದು ಕ್ಯಾಥ್‌ಗೆ ಮುಂಚೆನೇ. ಪಾದದ ಮೇಲ್ಭಾಗದಲ್ಲಿ, ಪಾದದ ಗಂಟಿನ ಒಳಬದಿಯ ಮೂಳೆ ಹಿಂದೆ ನಾಡಿ ಎಲ್ಲಿ ಸಿಗುತ್ತೆ ನೋಡಿ ಪೆನ್ನಲ್ಲಿ ಗುರುತು ಹಾಕಿರ್ಬೇಕು, ಇಲ್ಲಾಂದ್ರೆ ಆಮೇಲೆ ಆ ಪುಟ್ಟ ಪಾದದಲ್ಲಿ ಹುಡುಕೋದು ತುಂಬಾ ಕಷ್ಟ.

ವಾಪಸ್ ಬಂದ ತಕ್ಷಣ ಸಾಕ್ಸ್ ತೆಗೀರಿ, ಹೊದಿಕೆ ಸರಿಸಿ, ಎರಡೂ ಪಾದಕ್ಕೆ ಒಟ್ಟಿಗೆ ಕೈ ಇಡಿ. ಒಂದು ಬೆಚ್ಚಗೆ ಇನ್ನೊಂದು ತಣ್ಣಗಿದ್ಯಾ? ಬಿಳಿಚಿದ್ಯಾ, ಚರ್ಮ ಮಚ್ಚೆ ಮಚ್ಚೆಯಾಗಿದ್ಯಾ? ಹೆಬ್ಬೆರಳು ಒತ್ತಿ ಬಿಟ್ರೆ ಬಣ್ಣ ಮೂರು ಸೆಕೆಂಡಲ್ಲಿ ವಾಪಸ್ ಬರ್ಬೇಕು. ತಡವಾದ್ರೆ, ನಾಡಿ ಸಿಗದಿದ್ರೆ, ಆ ಕಾಲಿಗೆ ಹಾಕಿದ ಆಕ್ಸಿಮೀಟರ್ ಅಲೆ ತೋರಿಸದಿದ್ರೆ ಅಪಧಮನಿ (ಕಾಲಿಗೆ ರಕ್ತ ತರೋ ನಾಳ) ಮುಚ್ಚಿರಬಹುದು. ಕಾಲು ಊದಿ ನೀಲಿ ಕೆಂಪಾದ್ರೆ ಅಭಿಧಮನೀಲಿ (ರಕ್ತ ವಾಪಸ್ ಒಯ್ಯೋ ನಾಳದಲ್ಲಿ) ಹೆಪ್ಪು ಅಂತ ಅನುಮಾನ. ಬೆಳಗ್ಗೆ ರೌಂಡ್ಸಿಗೆ ಬಂದಾಗ ಹೇಳೋಣ ಅಂತ ಕಾಯ್ಬೇಡಿ, ಅರ್ಧರಾತ್ರಿ ಆದ್ರೂ ಸಿಸ್ಟರ್‌ನ ಕರೀರಿ.

ದಯವಿಟ್ಟು ಕೇಳ್ಕೊಳ್ತೀನಿ, ಕಾಲು ತಣ್ಣಗಿದೆ ಅಂತ ಅಜ್ಜಿ ಎಣ್ಣೆ ಹಚ್ಚಿ ತಿಕ್ಕೋದು, ಬಿಸಿನೀರಿನ ಬ್ಯಾಗ್ ಇಡೋದು ಬೇಡ. ರಕ್ತ ಹರಿಯದ ಚರ್ಮ ಬೇಗ ಸುಡುತ್ತೆ.

ಡಾಕ್ಟರ್ ಮೊದಲು ತೊಡೆಸಂದಿನ ಬ್ಯಾಂಡೇಜ್ ಬಿಗಿಯಾಗಿದ್ಯಾ ನೋಡಿ ಸಡಿಲ ಮಾಡ್ತಾರೆ, ಆಮೇಲೆ ರಕ್ತ ಹರೀತಿದ್ಯಾ ಅಂತ ನೋಡೋ ಡಾಪ್ಲರ್ ಸ್ಕ್ಯಾನ್. ಹೆಪ್ಪು ಇದೆ ಅಂದ್ರೆ ಹೆಪ್ಪು ಬೆಳೆಯದಂತೆ ತಡೆಯೋ ಹೆಪಾರಿನ್ ಡ್ರಿಪ್. ಒಂದು ವರ್ಷದೊಳಗಿನವರಿಗೆ ಸಾಮಾನ್ಯವಾಗಿ ಗಂಟೆಗೆ ಕೆಜಿಗೆ 28 ಯೂನಿಟ್ ಆಸುಪಾಸು ಶುರು ಮಾಡ್ತಾರೆ, ದೊಡ್ಡ ಮಕ್ಕಳಿಗೆ 20. ಇಷ್ಟು ಚಿಕ್ಕ ಮಗೂಗೆ ಜಾಸ್ತಿನಾ ಅಂತ ಗಾಬರಿ ಆಗ್ಬೇಡಿ, ಹೆಪಾರಿನ್ ಕೆಲಸ ಮಾಡೋಕೆ ಆಂಟಿಥ್ರಾಂಬಿನ್ ಅನ್ನೋ ಪ್ರೋಟೀನ್ ಬೇಕು, ಅದು ಹಸುಗೂಸುಗಳಲ್ಲಿ ಕಮ್ಮಿ ಇರುತ್ತೆ, ಔಷಧಿ ಬೇಗ ದೇಹದಿಂದ ಹೋಗ್ಬಿಡುತ್ತೆ. ಅದಕ್ಕೇ ಪದೇ ಪದೇ ರಕ್ತ ತೆಗೆದು ಲೆವೆಲ್ ನೋಡೋದು. ಹೆಚ್ಚಿನ ಮಕ್ಕಳಿಗೆ ಇದ್ರಲ್ಲೇ ನಾಡಿ ವಾಪಸ್ ಬರುತ್ತೆ. ಬರದೆ ಕಾಲಿಗೇ ಅಪಾಯ ಅನ್ಸಿದ್ರೆ ಹೆಪ್ಪು ಕರಗಿಸೋ ಟಿಪಿಎ ಅಥವಾ ಆಪರೇಷನ್. ಟಿಪಿಎಯಿಂದ ಮಿದುಳಲ್ಲಿ ರಕ್ತಸ್ರಾವ ಆಗೋ ಭಯ ಇರೋದ್ರಿಂದ ತುಂಬಾ ಯೋಚಿಸಿ ಕೊಡ್ತಾರೆ.

ಮನೆಗೆ ಹೋದ್ಮೇಲೂ ಹೆಪ್ಪು ತಡೆಯೋ ಎನೋಕ್ಸಾಪರಿನ್ ಇಂಜೆಕ್ಷನ್ ದಿನಕ್ಕೆ ಎರಡು ಸಲ ಇರಬಹುದು. ಚುಚ್ಚೋದು ನೀವೇ ಆದ್ರೆ ಡಿಸ್ಚಾರ್ಜ್‌ಗೆ ಮುಂಚೆ ಸಿಸ್ಟರ್ ಎದುರೇ ಕಲೀರಿ, ಡೋಸ್ ತೂಕದ ಮೇಲೆ ಹೋಗುತ್ತೆ, ಮಗು ಬೆಳೆದಂತೆ ಬದಲಾಗುತ್ತೆ. ಕಪ್ಪು ಮಲ, ರಕ್ತ, ಸುಮ್ಮನೆ ಮಂಕಾಗೋದು, ವಾಂತಿ ಕಂಡ್ರೆ ಸೀದಾ ಆಸ್ಪತ್ರೆಗೆ. ಲಸಿಕೆ ಹಾಕಿಸೋಕೆ ಹೋದಾಗ ಈ ಇಂಜೆಕ್ಷನ್ ವಿಷಯ ಮೊದಲೇ ಹೇಳಿ.

ಯಾವ ಕಾಲಲ್ಲಿ ಹೆಪ್ಪು ಆಗಿತ್ತು ಅಂತ ಫೈಲಲ್ಲಿ ಬರೆಸಿಟ್ಕೊಳ್ಳಿ. ಮುಂದಿನ ಕ್ಯಾಥ್‌ಗೆ ಆ ದಾರಿ ಸಿಗುತ್ತೋ ಇಲ್ವೋ ಅವರಿಗೆ ಗೊತ್ತಾಗ್ಬೇಕು. ನಾಳ ಮುಚ್ಚೇ ಉಳಿದ್ರೆ ಆ ಕಾಲು ಸ್ವಲ್ಪ ಗಿಡ್ಡ ಬೆಳೆಯಬಹುದು, ಚೆಕಪ್‌ಗೆ ಹೋದಾಗೆಲ್ಲ ಎರಡೂ ಕಾಲು ಅಳೆಯೋಕೆ ಹೇಳಿ.